ಕೆಳಗಿನ ಊರಿನ ಗಂಟೆ

"ಗ್ಯಾಸ್ ಸಿಲಿಂಡರ್ ತರೋ ಗಾಡೀಲಿ ನನ್ನ ಹೆಂಡ್ತಿನ ಸಾಗಿಸ್ತೀಯೇನೋ?" ಎಂದು ನಜ್ಜರೇನೊ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ತಿಂಗಳುಗಟ್ಟಲೆ ಕಾಯಿಲೆಯ ಹೆಂಡತಿಯ ಹಾಸಿಗೆಯ ಪಕ್ಕದ ಕುರ್ಚಿಯಲ್ಲೇ ಮಲಗಿದ ಮುದುಕ. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು.

"ತೊಳ್ದಿದೀನಪ್ಪಾ," ಎಂದ ಎದುರುಮನೆಯ ಸೆತ್ತೀಮಿಯೊ. "ಬಿಸ್ನೀರು ಹುಯ್ದು ಉಜ್ಜಿದೀನಿ. ಹಂದಿ ಹೇರಿದ್ದು ಯಾವ ಕಾಲಕ್ಕೋ."

"ಹೋದ ಶುಕ್ರವಾರ," ಎಂದಳು ಬಾಗಿಲಿಗೆ ಒರಗಿ ನಿಂತಿದ್ದ ಸೆತ್ತೀಮಿಯೊನ ಅಕ್ಕ ಜೆಲಿಂದಾ. ಆಕೆಯ ಮುಂದೆ ಊರಲ್ಲಿ ಯಾರ ಸುಳ್ಳೂ ಎರಡನೇ ಉಸಿರು ತೆಗೆದುಕೊಂಡದ್ದಿಲ್ಲ.

ಒಳಕೋಣೆಯಲ್ಲಿ ನಜ್ಜರೇನೊನ ಹೆಂಡತಿ ಆರ್ಜಿಯಾ ಶವಪೆಟ್ಟಿಗೆಯೊಳಗೆ ಮಲಗಿದ್ದಳು, ಬೆರಳಿಗೆ ಜಪಮಾಲೆ ಸುತ್ತಿಕೊಂಡು. ಬದುಕಿಡೀ ಏನನ್ನೂ ಬೇಕು ಎಂದವಳಲ್ಲ. ಕೊನೆಗೆ ಕೇಳಿದ್ದು ಇಷ್ಟೇ: "ನನ್ನನ್ನ ಹೆಗಲ ಮೇಲೆ ಇಳ್ಸಿ, ಮೆಟ್ಲು ದಾರೀಲಿ. ಕಸದ ಓಣೀಲಿ ಬೇಡ."

ಗುಡ್ಡದ ಮೇಲಿನ ನಮ್ಮ ತೋರೆಸ್ಪೀನಾದಲ್ಲಿ ಊರಬಾಗಿಲಿಗೆ ಇಳಿಯುವುದು ಮೆಟ್ಟಿಲೇ. ಕೋಟೆಗೋಡೆಯ ಹಿಂದಿನ ಓಣಿಯಲ್ಲಿ ಮೂರು ಚಕ್ರದ ಗಾಡಿ ಹೋಗುತ್ತದೆ, ಆದರೆ ಅದು ಕಸದ, ಗೊಬ್ಬರದ, ಹಂದಿಗಳ ದಾರಿ. ಸತ್ತ ಮನುಷ್ಯನಿಗೆ ಆರು ಹೆಗಲು ಬೇಕು. ಹಿಂದೆ ಹೆಗಲು ಕೊಡುವುದಕ್ಕೆ ಹೊಡೆದಾಡುತ್ತಿದ್ದರು. ಈಗ ಉಳಿದ ಗಂಡಸರನ್ನೆಲ್ಲ ಬಿಡಿಬಿಡಿಯಾಗಿ ಕಳಚಿ ಜೋಡಿಸಿದರೂ ಎರಡು ನೆಟ್ಟಗಿನ ಬೆನ್ನು ಸಿಕ್ಕುವುದಿಲ್ಲ. ಬೇಸಿಗೆಯಾಗಿದ್ದರೆ ಮನೆ ಕೊಂಡು ಬೀಗ ಹಾಕಿರುವ ಡೆನ್ಮಾರ್ಕಿನವರನ್ನಾದರೂ ಕರೆಯಬಹುದಿತ್ತು. ಇದು ನವೆಂಬರ್. ಖಾಲಿ ಪೆಟ್ಟಿಗೆ ಮನೆಗೆ ತಂದಿಟ್ಟ ಪಟ್ಟಣದ ಶವಸಂಸ್ಕಾರದವರು, ಹೆಣ ಇಳಿಸುವ ಮಾತು ಬಂದಾಗ ಮೆಟ್ಟಿಲು ನೋಡಿ, "ಇದು ನಮ್ಮ ವಿಮೆಯೊಳಗೆ ಬರಲ್ಲ ಸ್ವಾಮಿ" ಎಂದು ಕಾರು ಹತ್ತಿಬಿಟ್ಟಿದ್ದರು.

"ಅವಳ ತಮ್ಮನ್ನ ಕೇಳು," ಎಂದಳು ಜೆಲಿಂದಾ.

ಸೆತ್ತೀಮಿಯೊ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ವಲ್ಫಾರ್ನಾದವರನ್ನಾ? ನಮ್ಮೂರ ಹೆಣ ಹೊರೋಕಾ?"

"ಮತ್ತೆ ನೀನು ಹೊರ್ತೀಯಾ? ನಿನ್ನ ಹರ್ನಿಯಾ ಪಟ್ಟಿ ಬಿಗಿಯೋಕೂ ನಾನೇ ಬರ್ಬೇಕು."

ವಲ್ಫಾರ್ನಾ ಕೆಳಗಿನ ಕಣಿವೆಯ ಊರು. ಇಲ್ಲಿಂದ ಉಗುಳಿದರೆ ಅಲ್ಲಿ ಬೀಳುವಷ್ಟು ಹತ್ತಿರ, ನಮ್ಮವರು ಬೇಕಾದಷ್ಟು ಸಲ ಉಗುಳಿದ್ದೂ ಇದೆ. ಆರುನೂರು ಚಿಲ್ಲರೆ ವರ್ಷಗಳ ಹಿಂದೆ ಅವರು ನಮ್ಮ ಗೋಪುರದ ಗಂಟೆಯನ್ನು ಕದ್ದೊಯ್ದರು. ಬಿಷಪ್ಪನೇ ಕೊಡಿಸಿದ್ದು ಎಂದು ಅವರ ವಾದ. ಕಳ್ಳನಿಗೊಬ್ಬ ಬಿಷಪ್ಪ ಸಿಗದೆ ಇರುತ್ತಾನೆಯೇ? ಅಂದಿನಿಂದ ಎರಡು ನೇಮ ನಡೆದುಬಂದಿವೆ. ಸಂಜೆ ಆ ಗಂಟೆ ಹೊಡೆಯುತ್ತಿದ್ದಂತೆ ನಮ್ಮೂರಿನ ಕಣಿವೆ ಕಡೆಯ ಕಿಟಕಿಗಳೆಲ್ಲ ದಡದಡ ಮುಚ್ಚಿಕೊಳ್ಳುತ್ತವೆ. ಇನ್ನೊಂದು, ವಲ್ಫಾರ್ನಾದವನು ನಮ್ಮ ಊರಬಾಗಿಲು ದಾಟಬೇಕಾದರೆ "ಗಂಟೆ ನಿಮ್ದು" ಎಂದು ಬಾಯಿಬಿಟ್ಟು ಹೇಳಬೇಕು. ಬಹಳ ಮಂದಿ ನಗುತ್ತಲೇ ಹೇಳಿ ಒಂದು ಲೋಟ ವೈನು ಗಿಟ್ಟಿಸಿಕೊಳ್ಳುತ್ತಾರೆ. ಆರ್ಜಿಯಾಳ ತಮ್ಮ ಎವರಿಸ್ತೊ ಅಕ್ಕನ ಮದುವೆಯ ದಿನ ಹೇಳಲಿಲ್ಲ. ಮದುವೆಗೆ ಹಂಚುವ ಸಕ್ಕರೆ ಬಾದಾಮಿಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಊರಬಾಗಿಲಿನ ಕಮಾನಿನ ಕೆಳಗಿಂದ ವಾಪಸು ಹೋದವನು ಅಕ್ಕನ ಮನೆ ಹೇಗಿದೆಯೆಂದು ಇವತ್ತಿಗೂ ನೋಡಿರಲಿಲ್ಲ.

ಆರ್ಜಿಯಾ ಹೇಳಿದಳು, ಬಿಳಿ ಉಡುಪಿನಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ. ದಿನಾ ಸಂಜೆ ಕಿಟಕಿಯನ್ನೂ ಮುಚ್ಚಿದಳು, ಒಂದು ಬೆರಳಿನಷ್ಟು ಬಿಟ್ಟು. ನಜ್ಜರೇನೊ ಊಟದ ಮೇಜಿನಿಂದ ಎದ್ದು ಹೋಗಿ ಅದನ್ನೂ ಒತ್ತಿ ಮುಚ್ಚುತ್ತಿದ್ದ. ಈ ವಿಷಯ ಗಂಡ ಹೆಂಡತಿ ಒಂದು ದಿನವೂ ಮಾತಾಡಿಕೊಳ್ಳಲಿಲ್ಲ.

ನಜ್ಜರೇನೊ ವಲ್ಫಾರ್ನಾಕ್ಕೆ ಇಳಿದು ಹೋದಾಗ ಎವರಿಸ್ತೊ ಎಣ್ಣೆಗಾಣದಲ್ಲಿದ್ದ. ಆಲಿವ್ ಕಾಲ. ಅವನ ಮೂವರು ಗಂಡುಮಕ್ಕಳು ಮೂಟೆಗಳನ್ನು ದಿಂಬಿನ ಹಾಗೆ ಎತ್ತಿ ಎಸೆಯುತ್ತಿದ್ದರು. ಬಾಗಿಲಲ್ಲಿ ನಿಂತ ನಜ್ಜರೇನೊನಿಗೆ ಯಾರೂ ಕೂರು ಎನ್ನಲಿಲ್ಲ.

"ಮೇಲಿನವ್ರು ಇಳಿಯೋದು ಏನಾದ್ರೂ ಬೇಕಾದಾಗ್ಲೇ," ಎಂದ ಎವರಿಸ್ತೊ.

"ಹೌದು. ಹೆಗಲು ಬೇಕು."

"ಯಾಕೆ, ನಿಮ್ಮೂರಲ್ಲಿ ಗಂಡಸ್ರಿಲ್ವಾ?"

"ಇಲ್ಲ."

ಎವರಿಸ್ತೊನ ಬಾಯಲ್ಲಿ ಸಿದ್ಧವಾಗಿದ್ದ ಮುಂದಿನ ಮಾತು ಅಲ್ಲೇ ಒಣಗಿತು. ಎಷ್ಟೋ ವರ್ಷ ಸಾಣೆ ಹಿಡಿದಿಟ್ಟ ಬೈಗುಳವಿರಬೇಕು. ಕಾಲಿನಿಂದ ಒಂದು ಸ್ಟೂಲು ತಳ್ಳಿದ. ನಜ್ಜರೇನೊ ಕೂತ.

"ಬರ್ತೀವಿ. ಆದ್ರೆ ಮಣ್ಣು ಮಾಡೋದು ನಮ್ಮಲ್ಲಿ. ಅಮ್ಮನ ಪಕ್ಕ ಜಾಗ ಇದೆ. ಇಷ್ಟು ವರ್ಷ ನೀನಿಟ್ಕೊಂಡೆ. ಈಗ ವಾಪಸ್ ಕೊಡು."

ಮೇಲಿನ ಸ್ಮಶಾನದಲ್ಲಿ ನಜ್ಜರೇನೊ ಇಬ್ಬರಿಗೂ ಸೇರಿಸಿ ಜಾಗ ಮಾಡಿಸಿಟ್ಟಿದ್ದ. ಕಲ್ಲಿನ ಮೇಲೆ ಎರಡು ಹೆಸರೂ ಕೆತ್ತಿಸಿಯಾಗಿತ್ತು, ಸಾವಿನ ವರ್ಷಗಳಷ್ಟೇ ಖಾಲಿ.

"ಅಕ್ಕ ಏನಾದ್ರೂ ಹೇಳಿದ್ಲಾ?"

"ಹೆಗಲ ಮೇಲೆ ಇಳ್ಸಿ ಅಂದ್ಲು. ಎಲ್ಲಿಗೆ ಅಂತ ಹೇಳ್ಲಿಲ್ಲ."

ಗಾಣದ ತೊಟ್ಟಿಯಿಂದ ಬೆರಳಿನಷ್ಟು ದಪ್ಪಕ್ಕೆ ಹಸಿರು ಎಣ್ಣೆ ಇಳಿಯುತ್ತಿತ್ತು. ನಜ್ಜರೇನೊ ಅದನ್ನೇ ನೋಡಿದ. "ಆಗ್ಲಿ," ಎಂದ.

ಮರುದಿನ ಬೆಳಗ್ಗೆ ಅಪ್ಪ ಮಕ್ಕಳು ನಾಲ್ವರೂ ಕರಿ ಕೋಟು ತೊಟ್ಟು ಬಂದರು. ಊರಬಾಗಿಲಿನ ಕಮಾನಿನ ಕೆಳಗೆ ಎವರಿಸ್ತೊ ನಿಂತುಬಿಟ್ಟ. ಮಕ್ಕಳು ಅಪ್ಪನ ಹಿಂದೆ ನಿಂತರು. ಒಳಗಡೆ ನಮ್ಮವರೆಲ್ಲ ಸಾಲಾಗಿ ಗೋಡೆಗೆ ಆತುಕೊಂಡು ಕಾಯುತ್ತಿದ್ದರು. ಸಾವಿನ ದಿನವಾದರೇನು, ನೇಮ ನೇಮವೇ. ಸೆತ್ತೀಮಿಯೊ ಕೆಮ್ಮಿದ.

"ಏನ್ ಹೇಳ್ಬೇಕು ಹೇಳು," ಎಂದ ಎವರಿಸ್ತೊ. ದವಡೆ ಕಲ್ಲಾಗಿತ್ತು.

"ತಲೆ ಬಗ್ಸು," ಎಂದ ನಜ್ಜರೇನೊ. "ಕಮಾನು ಗಿಡ್ಡ."

ಎವರಿಸ್ತೊ ತಲೆ ಬಗ್ಗಿಸಿ ಒಳಗೆ ಬಂದ. ಮನೆಯಲ್ಲಿ ಅಕ್ಕನ ಮುಖ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅವಳ ಅಡುಗೆಮನೆಯನ್ನು ನೋಡಿದ: ಒಲೆ, ಉಪ್ಪಿನ ಮರಿಗೆ, ಕಣಿವೆಯ ಕಡೆಗಿದ್ದ ಕಿಟಕಿ. ಅದರಾಚೆ ಅವನ ಗಾಣದ ಹೊಗೆ ಸ್ಪಷ್ಟವಾಗಿ ಕಾಣುತ್ತಿತ್ತು. "ಕಾಣ್ಸುತ್ತೆ," ಎಂದ, ಯಾರಿಗೋ.

ಪೆಟ್ಟಿಗೆ ಎತ್ತುವಾಗ ಆರನೇ ಹೆಗಲು ಕೊಟ್ಟವಳು ಜೆಲಿಂದಾ. ಹೆಂಗಸು ಹೊರುವ ಪದ್ಧತಿಯಿಲ್ಲ ಎಂದು ಯಾರೋ ಗೊಣಗಿದರು. "ಬಾ ಹಾಗಾದ್ರೆ, ನೀನೇ ಬಾ," ಎಂದಳು. ಯಾರೂ ಬರಲಿಲ್ಲ.

ಎರಡನೇ ತಿರುವಿನಲ್ಲೇ ಎಡವಟ್ಟಾಯಿತು. ನಮ್ಮಲ್ಲಿ ಹೆಣ ಹೊರುವವರು ಎಡಗಾಲು ಮುಂದಿಟ್ಟು ಹೊರಡುತ್ತಾರೆ. ಕೆಳಗಿನವರು ಬಲಗಾಲು. ಹುಟ್ಟಿನಿಂದ ಹಾಗೆಯೇ ಕಂಡವರಿಗೆ ಇನ್ನೊಂದು ರೀತಿಯೂ ಇದ್ದೀತೆಂದು ಹೊಳೆಯುವುದೇ ಇಲ್ಲ. ಪೆಟ್ಟಿಗೆ ದೋಣಿಯ ಹಾಗೆ ತೂಗಾಡಿತು, ಮೂಲೆ ಗೋಡೆಗೆ ಬಡಿದು ಸುಣ್ಣ ಉದುರಿತು.

"ಕುಡ್ದು ಬಂದಿದೀರೇನ್ರೋ?" ಎಂದಳು ಜೆಲಿಂದಾ.

"ನೀವು ನಡೆಯೋದ್ ಕಲೀರಿ ಮೊದ್ಲು!" ಎಂದ ಹಿಂದಿನಿಂದ ಒಬ್ಬ ಮಗ.

"ಎಡಗಾಲು," ಎಂದ ಎವರಿಸ್ತೊ ಮಕ್ಕಳಿಗೆ. "ಇದು ಅವರ ಊರು. ಎಡಗಾಲು ಇಡ್ರೋ."

ಆಮೇಲೆ ಸರಿಹೋಯಿತು. ಮೆಟ್ಟಿಲಿಗೊಮ್ಮೆ ಎವರಿಸ್ತೊನ ಮಂಡಿ ಲಟಕ್ಕೆನ್ನುತ್ತಿತ್ತು, ಅದಕ್ಕೆ ಉತ್ತರವೆಂಬಂತೆ ನಜ್ಜರೇನೊನದೂ. ನಡುವೆ ಒಮ್ಮೆ ಎವರಿಸ್ತೊ, "ಅಕ್ಕ ಈ ಮೆಟ್ಲೆಲ್ಲ ನೀರು ಹೊತ್ಕೊಂಡು ಹತ್ತಿದ್ಲಾ?" ಎಂದು ಕೇಳಿದ. "ನಲ್ಲಿ ಬರೋವರೆಗೂ," ಎಂದ ನಜ್ಜರೇನೊ.

ಊರಬಾಗಿಲಿನಾಚೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ನಮ್ಮ ಸ್ಮಶಾನ, ಬಲಕ್ಕೆ ಕಣಿವೆಗೆ ಇಳಿಯುವ ರಸ್ತೆ. ಮುಂದೆ ಟೋಪಿ ಹಿಡಿದು ನಡೆಯುತ್ತಿದ್ದ ಸೆತ್ತೀಮಿಯೊ ರೂಢಿಯಂತೆ ಎಡಕ್ಕೆ ತಿರುಗಿಯೇ ಬಿಟ್ಟಿದ್ದ. ಪೆಟ್ಟಿಗೆ ನಿಂತಿತು.

ಎವರಿಸ್ತೊನ ಮುಖವೆಲ್ಲ ಬೆವರು. "ಭಾವ," ಎಂದ. ಆ ಪದವನ್ನು ಅವನು ಹಿಂದೆಂದೂ ಬಳಸಿರಲಿಲ್ಲ. "ನಿನ್ನೆ ಗಾಣದಲ್ಲಿ ಏನೋ ಅಂದ್ಬಿಟ್ಟೆ. ನೀನು ಎಡಕ್ಕೆ ಅಂದ್ರೆ ಎಡಕ್ಕೇ ಹೋಗೋಣ."

ನಜ್ಜರೇನೊ ಎಡಗಡೆಯ ಸಣ್ಣ ಗೋಡೆಯನ್ನೂ ಅದರಾಚೆಯ ಮರವನ್ನೂ ನೋಡಿದ. ಹೆಗಲ ಮೇಲಿನ ಭಾರವನ್ನು ಒಂದಿಷ್ಟು ಸರಿಮಾಡಿಕೊಂಡ.

"ಬಲಗಾಲು," ಎಂದ. "ಇಲ್ಲಿಂದ ಎಲ್ರೂ ಬಲಗಾಲು."

ಮಣ್ಣು ಮುಗಿಸಿ ನಜ್ಜರೇನೊ ಒಬ್ಬನೇ ಮೇಲೆ ಹತ್ತಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಎವರಿಸ್ತೊ ಕೊಟ್ಟ ಎಣ್ಣೆ ಶೀಸೆಯನ್ನು ಮೇಜಿನ ಮೇಲಿಟ್ಟು ಕೋಟು ಬಿಚ್ಚದೆ ಕೂತ. ಜೆಲಿಂದಾ ತಂದಿಟ್ಟಿದ್ದ ಬೀನ್ಸ್ ಸಾರಿನ ಮೇಲೆ ಕೆನೆ ಕಟ್ಟಿತ್ತು. ಕೆಳಗೆ ಗಂಟೆ ಶುರುವಾಯಿತು. ಓಣಿಯುದ್ದಕ್ಕೂ ಕಿಟಕಿಗಳು ಒಂದೊಂದಾಗಿ ಬಡಿದುಕೊಂಡವು.

"ನಜ್ಜರೇನೊ!" ಎಂದು ಎದುರಿನಿಂದ ಸೆತ್ತೀಮಿಯೊ ಕೂಗಿದ. "ನಿನ್ನ ಕಿಟ್ಕಿ ತೆರ್ದೇ ಇದೆಯಲ್ಲೋ!"

"ಹೆಗಲು ನೋಯ್ತಿದೆ," ಎಂದ ನಜ್ಜರೇನೊ ಕೂತಲ್ಲಿಂದಲೇ. "ಕೈ ಎತ್ತೋಕಾಗ್ತಿಲ್ಲ."

"ನಾನ್ ಬಂದು ಮುಚ್ಲಾ?"

"ಬೇಡ. ನೀನು ಊಟ ಮಾಡು."

ಗಂಟೆ ಹೊಡೆಯುತ್ತಲೇ ಇತ್ತು. ನಜ್ಜರೇನೊ ಬಲಗೈಯಲ್ಲಿ ಬ್ರೆಡ್ಡು ಮುರಿದು, ಎಡಗೈಯಿಂದ ಶೀಸೆ ಎತ್ತಿ ಎಣ್ಣೆ ಸುರಿದುಕೊಂಡ.