ಏಳನೇ ಸ್ಲೈಡು

೨೦೨೬ರ ಮಾರ್ಚ್ ೧೨, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಬಸ್ ಡಿಪೋದ ಸಭಾಕೊಠಡಿಯಲ್ಲಿ ವೇಳಾಪಟ್ಟಿ ಅಧಿಕಾರಿ ತನ್ನ ಮೊದಲ ಸ್ಲೈಡನ್ನು ಪರದೆಗೆ ತಂದ ಕೂಡಲೇ ಯಾರೋ ಕಿಸಕ್ಕನೆ ನಕ್ಕರು. ‘ತಡವೆಂಬುದು ಸಮಸ್ಯೆಯಲ್ಲ, ಅದೊಂದು ಅವಕಾಶ’ ಎಂದಿತ್ತು. ಹತ್ತು ನಿಮಿಷದ ಹಿಂದೆ ಪಕ್ಕದ ಡಿಪೋದವನು ತೋರಿಸಿದ್ದೂ ಇದೇ ವಾಕ್ಯ, ಇದೇ ನೀಲಿ ಬಣ್ಣ, ಕೈಗಡಿಯಾರ ನೋಡಿ ಮುಗುಳ್ನಗುವ ಇದೇ ಹೆಂಗಸು.

"ಅವಳಿ ಜವಳಿ ಕಣ್ರೀ," ಎಂದರು ಮೆಕ್ಯಾನಿಕ್ಕುಗಳ ಮೇಸ್ತ್ರಿ. "ಹೆರಿಗೆ ಮಾಡಿಸಿದ ಕಂಪ್ಯೂಟರ್ ಒಂದೇ ಇರ್ಬೇಕು."

ಕೊಠಡಿಯೆಲ್ಲ ನಕ್ಕಿತು. ಕೊನೆಯ ಸಾಲಿನಲ್ಲಿ ಸಮವಸ್ತ್ರದಲ್ಲೇ ಬಂದು ಕೂತಿದ್ದ, ವೇಳಾಪಟ್ಟಿ ಅಧಿಕಾರಿಯ ಅಕ್ಕ ಮಾತ್ರ ನಗಲಿಲ್ಲ. ಅವಳು ಒಂಬತ್ತನೇ ನಂಬರ್ ಬಸ್ಸಿನ ಕಂಡಕ್ಟರ್. ಆ ಬಸ್ಸು ದಿನವೂ ತಡ. ಎರಡು ಮೆಮೊ ಆಗಲೇ ಬಂದಿದ್ದವು. ಮೂರನೆಯದು ಬಂದರೆ ಬಸ್ಸಿನಿಂದಿಳಿಸಿ, ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆಗೆ ಹಾಕುತ್ತಾರೆ. ತಡದ ನಿಜವಾದ ಕಾರಣವನ್ನು ಇವತ್ತು ತಮ್ಮನೇ ಹೇಳುತ್ತಾನೆಂದು ಪಾಳಿಗೆ ಒಂದು ಗಂಟೆ ಮೊದಲೇ ಬಂದಿದ್ದಳು.

ಆ ಕಾರಣವನ್ನು ಹೇಳಿಕೊಟ್ಟವಳೂ ಅವಳೇ. ಆಸ್ಪತ್ರೆ ಸ್ಟಾಪಿನಲ್ಲಿ ಚರಂಡಿ ಕೆಲಸಕ್ಕೆಂದು ಫುಟ್‌ಪಾತ್ ಕಿತ್ತಿದ್ದರು. ಅಲ್ಲಿ ಹತ್ತುವವರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಊರುಗೋಲಿನವರು. ರಸ್ತೆಯಿಂದ ನೇರವಾಗಿ ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಬೇಕಿತ್ತು.

"ಬರೀ ಬಾಯಲ್ಲಿ ಹೇಳ್ಬೇಡ ಕಣೋ," ಎಂದಿದ್ದಳು, ಊಟದ ತಟ್ಟೆ ಮುಂದಿಟ್ಟುಕೊಂಡು. "ಮುಂದೆ ಒಂದು ಸ್ಟೂಲ್ ಇಡು. ಆಫೀಸರ್‌ಗಳಿಗೆಲ್ಲ ಒಂದೊಂದು ಮೊಣಕಾಲು ಮಡಿಸಕ್ಕಾಗದಂಗೆ ಪಟ್ಟಿ ಕಟ್ಟಿ, ‘ಹತ್ತಿ ಸಾರ್’ ಅನ್ನು."

"ಅಕ್ಕಾ, ಪ್ರೆಸೆಂಟೇಶನ್ ಅಂದ್ರೆ ನಾಟಕ ಅನ್ಕೊಂಡ್ಯಾ?" ಎಂದು ಅವನು ನಕ್ಕಿದ್ದ. ಆಮೇಲೆ ಎಐಗೆ ಒಂದೇ ಸಾಲು ಬರೆದ: ಬಸ್ಸು ತಡವಾಗಲು ಕಾರಣಗಳು, ಹತ್ತು ಸ್ಲೈಡು. ಬಂದದ್ದು ಅಚ್ಚುಕಟ್ಟಾಗಿತ್ತು. ಕಾಗುಣಿತ ತಿದ್ದಿದ. ಅಕ್ಕನ ಮಾತನ್ನು ಸೇರಿಸಲು ಜಾಗ ಹುಡುಕಿದ. ಸ್ಲೈಡುಗಳ ಬಣ್ಣದ ವೃತ್ತಗಳ ನಡುವೆ ಪ್ಲಾಸ್ಟರ್ ಕಾಲು ಹೊಂದಲಿಲ್ಲ.

ಈಗ ಸಭೆಯಲ್ಲಿ ಅವನು ಪರದೆಯತ್ತ ತಿರುಗಿದ. ಮುಗಿದರೆ ಸಾಕೆಂದು ಒಂದೊಂದೇ ಸ್ಲೈಡನ್ನು ಓದುತ್ತ ಹೋದ. ಏಳನೆಯದು ಬಂತು.

"ಪ್ರಮುಖ ಕಾರಣ, ನಿರ್ವಾಹಕರ ನಿರಾಸಕ್ತಿ."

ಓದಿ ಮುಗಿಸಿದ ಮೇಲೆ ಅರ್ಥವಾಯಿತು, ನಿರ್ವಾಹಕರೆಂದರೆ ಅಕ್ಕನಂಥ ಕಂಡಕ್ಟರುಗಳು. ಕಾಗುಣಿತ ನೋಡಿದ್ದ; ವಾಕ್ಯ ನೋಡಿರಲಿಲ್ಲ.

ವಿಭಾಗದ ಮುಖ್ಯಸ್ಥೆ ಕನ್ನಡಕ ಮೇಲೇರಿಸಿದರು. "ಒಂಬತ್ತನೇ ನಂಬರಿಗೂ ಇದೇನಾ ಕಾರಣ? ನೀವೇ ನೋಡಿದೀರಾ?"

ಅಕ್ಕ ಅವನನ್ನೇ ನೋಡುತ್ತಿದ್ದಳು. ಇಲ್ಲ ಎಂದರೆ, ಮತ್ತೆ ಇದನ್ನು ಬರೆದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಮೇಸ್ತ್ರಿ ಇನ್ನೊಂದು ನಗೆಗೆ ಕಾದು ಕೂತಿದ್ದರು.

"ಹೌದು ಮೇಡಂ," ಎಂದ.

"ಹಾಗಾದ್ರೆ ಮೆಮೊ ಕಳಿಸಿ," ಎಂದು ಮುಖ್ಯಸ್ಥೆ ಗುಮಾಸ್ತರತ್ತ ತಿರುಗಿದರು.

ಸಭೆ ಮುಗಿದಾಗ ಅಂಗಳದಲ್ಲಿ ಒಂಬತ್ತನೇ ನಂಬರ್ ಹೊರಡಲು ನಿಂತಿತ್ತು. ಅವನು ಓಡಿಹೋಗಿ ಹತ್ತಿದ. "ಅಕ್ಕಾ..."

"ನಿರಾಸಕ್ತಿ ಅಂದ್ರೇನೋ?" ಅಕ್ಕ ಕೇಳಿದಳು. "ಓದಿದೋನು ನೀನು, ಹೇಳು."

"ಅದು ನಾನು ಬರ್ದಿದ್ದಲ್ಲಕ್ಕಾ."

"ಹೌದು ಅಂದಿದ್ದು ಯಾರು?" ಅವಳು ಟಿಕೆಟ್ ಯಂತ್ರವನ್ನು ಹೆಗಲಿಗೇರಿಸಿದಳು. "ಒಳಗೆ ಹೋಗಿ ಸಾರ್. ಬಾಗಿಲಿಗೆ ಅಡ್ಡ ನಿಲ್ಬೇಡಿ."

ಆಸ್ಪತ್ರೆ ಸ್ಟಾಪಿನಲ್ಲಿ ಬಾಗಿಲು ತೆರೆದಾಗ, ಕೆಲಸದ ಅಭ್ಯಾಸಕ್ಕೆ ಬಿದ್ದ ಅವನ ಬೆರಳು ಮೊಬೈಲಿನ ಸ್ಟಾಪ್‌ವಾಚ್ ಒತ್ತಿತು. ಕೆಳಗೆ ಸೊಂಟಕ್ಕೆ ಬೆಲ್ಟು ಬಿಗಿದ ಒಬ್ಬ ಮುದುಕಿ, ಅವಳ ಹಿಂದೆ ಊರುಗೋಲು ಹಿಡಿದ ಗಂಡಸು. ಅಕ್ಕ ಇಳಿದು ಮುದುಕಿಯ ಕಂಕುಳಿಗೆ ಕೈಕೊಟ್ಟಳು.

"ಅವಸರ ಇಲ್ಲಜ್ಜಿ. ಮೊದ್ಲು ಒಳ್ಳೆ ಕಾಲು. ಹಾಂ... ಈಗ ಆ ಸೋಮಾರಿ ಕಾಲು."

ಅಜ್ಜಿ ನಕ್ಕಳು, ಜಾರಿದಳು, ಮತ್ತೆ ಕಾಲೆತ್ತಿದಳು. ಅವನು ಬಗ್ಗಿ ಗಂಡಸಿನ ಊರುಗೋಲನ್ನು ಮೇಲಕ್ಕೆ ತೆಗೆದುಕೊಂಡ. ಅಕ್ಕ ಅವನತ್ತ ನೋಡಲಿಲ್ಲ. ಎಲ್ಲರೂ ಕೂತ ಮೇಲೆ ಸೀಟಿ ಊದಿದಳು, ಬಾಗಿಲು ಮುಚ್ಚಿತು.

ಆ ಸ್ಟಾಪಿಗೆಂದು ವೇಳಾಪಟ್ಟಿಯಲ್ಲಿ ಅವನು ಇಟ್ಟಿದ್ದದ್ದು ಇಪ್ಪತ್ತು ಸೆಕೆಂಡು. ಸ್ಟಾಪ್‌ವಾಚಿನಲ್ಲಿ ಎರಡು ನಿಮಿಷ ಹದಿನಾಲ್ಕು ಸೆಕೆಂಡು ಇತ್ತು.