ಕೈಗುಣದ ಲಸಿಕೆ

ಹೊರಗಿನವರು ಏನು ತಿಳಿದುಕೊಂಡಿದ್ದರೋ ಗೊತ್ತಿಲ್ಲ, ಕೊರೋನಾ ಲಸಿಕೆ ಬಂದ ಆ ಜನವರಿಯಲ್ಲಿ ಅದಕ್ಕೆ ಎಲ್ಲರಿಗಿಂತ ಹೆಚ್ಚು ಹೆದರಿದವರು ನಾವು ಆಸ್ಪತ್ರೆಯವರೇ. ಮೊದಲ ಸರದಿ ನಮ್ಮದು ಎಂದು ಹೇಳಿದ್ದೇ ತಡ, ಭಾಂಡುಪ್‌ನ ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬರಿಗೆ ಬಿಪಿ ನೆನಪಾಯಿತು, ಇನ್ನೊಬ್ಬರಿಗೆ ಅಲರ್ಜಿ ನೆನಪಾಯಿತು. ಊರಿನ ಕೂಸುಗಳಿಗೆಲ್ಲ ಲಸಿಕೆ ಬರೆದುಕೊಡುವ ಮಕ್ಕಳ ಡಾಕ್ಟರರೇ "ಇನ್ನೊಂದು ಲಾಟ್ ಬರಲಿ, ನೋಡೋಣ" ಎಂದು ಮೆಲ್ಲಗೆ ಜಾರಿಕೊಂಡರು. ನಾನು ಮೊದಲ ದಿನವೇ ಹಾಕಿಸಿಕೊಂಡೆ. ಧೈರ್ಯ ಎಂದುಕೊಳ್ಳಬೇಡಿ, ಇವರ ನಾಟಕ ನೋಡಿ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ಶೀಲಾವತಿ ಏನು ಬೇಕಾದರೂ ಮಾಡಿಯಾಳು ಎಂದು ನನ್ನ ಗಂಡ ಫೋರ್ಟಿನ ಹೋಟೆಲಿನ ಗಲ್ಲಾದಲ್ಲಿ ಕುಳಿತು ಗಿರಾಕಿಗಳಿಗೆಲ್ಲ ಹೇಳುತ್ತಿರುತ್ತಾರೆ. ಸುಳ್ಳೇನಲ್ಲ.

ಬಾಣಂತಿಯರ ವಾರ್ಡಿಗೆ ನಾನು ಹಿರಿಯ ಸಿಸ್ಟರ್. ವಾರ್ಡಿನ ಆಯಾಗಳನ್ನೆಲ್ಲ ಲಸಿಕೆಗೆ ಹೊರಡಿಸುವುದು ನನ್ನ ತಲೆಗೆ ಬಂತು. ನಾನು ಎಷ್ಟು ಬಾಯಿ ಬಡಿದುಕೊಂಡರೂ ಅವರು ನೋಡುತ್ತಿದ್ದದ್ದು ಕಸ್ತೂರಿಬಾಯಿಯ ಮುಖವನ್ನು. ಕಲಬುರಗಿ ಕಡೆಯ ಈ ಹೆಂಗಸು ನನಗಿಂತ ಮೊದಲೇ ಇಲ್ಲಿ ಆಯಾ ಆಗಿ ಸೇರಿದವರು. ಅವರು ನೀರು ಎರೆದರೆ ಕೂಸು ಅಳುವುದಿಲ್ಲ, ಅವರ ಕೈಗುಣ ದೊಡ್ಡದು ಎಂದು ಬಾಣಂತಿಯರು ಅವರ ಡ್ಯೂಟಿಗೇ ಕಾಯುತ್ತಾರೆ. ಅಂಥವರು ಲಸಿಕೆ ಬೇಡ ಎಂದು ಕುಳಿತರೆ ಉಳಿದವರು ಏಳುತ್ತಾರೆಯೇ?

ಒಂದು ಮಧ್ಯಾಹ್ನ ನೋಡಿದರೆ, ಕಸ್ತೂರಿಬಾಯಿ ಬಟ್ಟೆ ಮಡಚುವ ಕೋಣೆಯಲ್ಲಿ ಕುಳಿತು ಅಳುತ್ತಿದ್ದಾರೆ.

"ಎಂತ ಆಯ್ತು ಮಾರಾಯ್ರೆ?" ಎಂದೆ.

"ಅಳಿಯಾ ಫೋನ್ ಮಾಡಿದ್ದ ಸಿಸ್ಟರ್," ಎಂದರು. ಅವರ ಮಗಳು ಶೀತಲ್‌ಗೆ ದಿನ ತುಂಬುತ್ತಾ ಬಂದಿತ್ತು. ಅಳಿಯ ಶರಣು ಮಲಾಡಿನಲ್ಲಿ ಇಲೆಕ್ಟ್ರಿಷಿಯನ್. "'ಅತ್ತಿ, ನೀವು ದಿನಾ ದವಾಖಾನಿಂದ ಮನಿಗಿ ಹೋಗೋರು. ಟೀಕಾ ಹಾಕ್ಸ್ಕೊಂಡ್ರ ಶೀತಲ್‌ನ ಬಾಣಂತನ ನಿಮ್ಮ ಮನ್ಯಾಗ. ಇಲ್ಲಂದ್ರ ನಮ್ಮವ್ವನ್ನ ಊರಿಂದ ಕರಸ್ತೀನಿ' ಅಂದ. ಚೊಚ್ಚಲ ಬಾಣಂತನ ತವರಿಂದ ತಪ್ಪಿದ್ರ ನಾ ಯಾಕ ಇರಬೇಕ್ರಿ?"

ನನಗೆ ಆ ಹುಡುಗನ ಮೇಲೆ ಪ್ರೀತಿಯೇ ಬಂತು. ಬಸುರಿಯರಿಗೆ ಆಗ ಲಸಿಕೆ ಇರಲಿಲ್ಲ; ಸುತ್ತಲಿನವರಾದರೂ ಹಾಕಿಸಿಕೊಳ್ಳಲಿ ಎಂದು ಅವನು ಕೇಳಿದ್ದರಲ್ಲಿ ತಪ್ಪೇನು?

"ಹಾಗಾದ್ರೆ ಈಗಲೇ ಏಳಿ. ಲಸಿಕೆ ಕೋಣೆ ಇಲ್ಲೇ ಕೆಳಗೆ ಉಂಟಲ್ಲ."

"ಹಾಕ್ಸ್ಕೋತೀನಿ. ಆದ್ರ ಆ ಪೋರಿ ಕೈಲಿಂದ ಬ್ಯಾಡ್ರಿ. ನೀವು ಮಾಡ್ರಿ ಸೂಜಿ."

ಪೋರಿ ಎಂದರೆ ನಿಖಿತಾ, ಲಸಿಕೆ ಕೋಣೆಗೆ ಹಾಕಿದ್ದ ಹೊಸ ನರ್ಸ್. ಸೇರಿದ ಹೊಸತರಲ್ಲಿ ನಮ್ಮ ವಾರ್ಡಿನಲ್ಲೇ ಒಬ್ಬ ಬಾಣಂತಿಗೆ ಸಲೈನ್ ಹಾಕಲು ಹೋಗಿ, ನರ ಸಿಗದೆ, ಕೊನೆಗೆ ತಾನೇ ತಲೆ ಸುತ್ತಿ ಬಿದ್ದಿದ್ದಳು. ಅವಳ ಮುಖಕ್ಕೆ ನೀರು ಹೊಡೆದು ಎಬ್ಬಿಸಿದ್ದು ಇದೇ ಕಸ್ತೂರಿಬಾಯಿ. ಅಂದಿನಿಂದ ಅವಳಿಗೆ ಕೈಗುಣ ಇಲ್ಲ ಎಂದು ಇವರು ತೀರ್ಮಾನಿಸಿಬಿಟ್ಟಿದ್ದರು. ಕೊರೋನಾ ಲಸಿಕೆಯನ್ನು ಅದಕ್ಕೆಂದು ತರಬೇತಿಯಾದವರೇ ಹಾಕಬೇಕು, ನನಗೆ ಆ ತರಬೇತಿ ಆಗಿಲ್ಲ ಎಂದು ನಾನು ಬಿಡಿಸಿ ಹೇಳಿದೆ.

"ಔಷಧ ಅದೇ, ಸೂಜಿ ಅದೇ. ಯಾರು ಹಾಕಿದ್ರೆ ಎಂತ ಮಾರಾಯ್ರೆ?"

"ಅದ ಹಿಟ್ಟು, ಅದ ನೀರು, ಅದ ಹಂಚು. ನಮ್ಮ ಸೊಸಿ ಬಡದ ರೊಟ್ಟಿ ಯಾಕ ಹರೀತದ?" ಎಂದರು ಕಸ್ತೂರಿಬಾಯಿ. "ಸೂಜಿ ಹೆಚ್ಚುಕಮ್ಮಿ ಆಗಿ ನಾ ಮಲಗಿಬಿಟ್ರ ಮಗಳಿಗಿ ಯಾರ್ರೀ? ಬಾಣಂತನಾ ಮಾಡ್ಲಿಕ್ಕಂತ ಹಾಕ್ಸ್ಕೊಂಡು, ಬಾಣಂತನಾನೇ ತಪ್ಪಿದ್ರ?"

ರೊಟ್ಟಿಯ ಮಾತಿಗೆ ನನ್ನ ಸಿಟ್ಟು ಇನ್ನೂ ಏರಿತು. "ಆಯ್ತು, ನಾನೇ ಹಾಕ್ತೇನೆ, ಬನ್ನಿ," ಎಂದುಬಿಟ್ಟೆ.

ಕೆಳಗೆ ನಿಖಿತಾಳನ್ನು ಮೂಲೆಗೆ ಕರೆದು ಉಪಾಯ ಹೇಳಿದೆ. ಭಾಂಡುಪ್‌ನಲ್ಲೇ ಹುಟ್ಟಿದ ಕನ್ನಡದ ಹುಡುಗಿ, ಮಾತು ಮಾತ್ರ ಖಿಚಡಿ. "ಸಿಸ್ಟರ್, ಪಕಡೇ ಗಯೇ ತೋ? ಸಿಕ್ಕಿಬಿದ್ರೆ? ಅವರು ನನ್ನನ್ನ ನೋಡಿದ್ರೇನೇ ನಂಗೆ ಡರ್ ಆಗ್ತದೆ," ಎಂದಳು.

"ನೀನು ಬಾಯಿ ಮುಚ್ಚಿಕೊಂಡು ಚುಚ್ಚು," ಎಂದೆ.

ಕಸ್ತೂರಿಬಾಯಿಯನ್ನು ಕುರ್ಚಿಯಲ್ಲಿ ಕೂರಿಸಿದೆ. ಮುಖ ಗೋಡೆಯ ಕಡೆ ತಿರುಗಿಸಿ, "ಕಣ್ಣು ಮುಚ್ಚಿ, ಇಲ್ಲದಿದ್ದರೆ ಸೂಜಿ ಮುರಿದೀತು" ಎಂದು ಹೆದರಿಸಿದೆ. ಅವರು ಕಣ್ಣು ಮುಚ್ಚಿದವರೇ ಬಾಯಲ್ಲಿ ತಮ್ಮ ದೇವರು ಶರಣಬಸಪ್ಪನ ಹೆಸರು ಹೇಳುತ್ತಾ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಿಖಿತಾ ಸದ್ದಿಲ್ಲದೆ ಬಂದು, ತೋಳು ಒರೆಸಿ, ಚುಚ್ಚಿ, ಹಿಂದೆ ಸರಿದಳು. ಹುಡುಗಿಯ ಕೈ ಒಂದಿಷ್ಟೂ ಅಲುಗಲಿಲ್ಲ.

"ಆಯ್ತಾ? ಇರುವಿ ಕಚ್ಚಿದಂಗೂ ಆಗಲಿಲ್ಲ," ಎಂದರು ಕಸ್ತೂರಿಬಾಯಿ. ನಾನು ನಿಖಿತಾಳಿಗೆ ಕಣ್ಣು ಹೊಡೆದೆ.

ಮರುದಿನ ಅವರು ಡ್ಯೂಟಿಗೆ ಬರಲಿಲ್ಲ. ಫೋನ್ ಎತ್ತಲಿಲ್ಲ. ಅವರಿಗೇನಾದರೂ ಆದರೆ ಶೀತಲ್‌ಗೆ ಯಾವ ಮುಖ ತೋರಿಸಲಿ? ಲಸಿಕೆಗೆ ಜ್ವರ ಬರುವುದು ಸಹಜ ಎಂದು ಊರಿಗೆಲ್ಲ ಪಾಠ ಹೇಳಿದವಳು, ರಾತ್ರಿ ಊಟ ಸೇರದೆ ಗಂಡನ ಮೇಲೆ ರೇಗಿದೆ.

ಅದರ ಮರುದಿನ ಕಸ್ತೂರಿಬಾಯಿ ಎಣ್ಣೆ ಹಾಕಿ ತಲೆ ಬಾಚಿಕೊಂಡು ನೆಟ್ಟಗೆ ನಡೆದು ಬಂದರು.

"ಮೈ ಕಾದಿತ್ರಿ. ಗುಳಿಗಿ ನುಂಗಿ ಮಲಗಿಬಿಟ್ಟೆ. ಸೊಸಿ ಗಂಜಿ ಮಾಡಿ ಬಾಯಿತನಾ ತಂದ್ ಕೊಟ್ಟಳು. ಲಗ್ನ ಆದಾಗಿಂದ ಹಿಂಗ ಮಲಗಿದ್ದಿಲ್ಲ ನೋಡ್ರಿ," ಎಂದವರು, ಉಳಿದ ಆಯಾಗಳನ್ನು ಒಟ್ಟು ಕೂರಿಸಿ, ಶೀಲಾ ಸಿಸ್ಟರ್ ಇದ್ದರೆ ಏನೂ ಆಗುವುದಿಲ್ಲ, ಮೇಲೆ ಒಂದು ದಿನ ರಜೆಯೂ ಸಿಗುತ್ತದೆ ಎಂದು ಭಾಷಣ ಮಾಡಿದರು. ಸಂಜೆಗೆ ಎಲ್ಲರೂ ಲಸಿಕೆ ಕೋಣೆಯ ಮುಂದೆ ಸಾಲು ನಿಂತರು. ನಾನು ಒಬ್ಬೊಬ್ಬರ ಪಕ್ಕ ನಿಂತೆ, ಹಾಕಿದ್ದು ನಿಖಿತಾ. ಯಾರೂ ತಕರಾರು ಮಾಡಲಿಲ್ಲ. ಅಬ್ಬ, ಏನು ಚಂದ ಏಮಾರಿಸಿದೆ ಎಂದು ನನಗೆ ಒಳಗೊಳಗೇ ಜಂಬ.

ಫೆಬ್ರವರಿಯಲ್ಲಿ ನಮ್ಮಲ್ಲೇ ಶೀತಲ್‌ಗೆ ಹೆಣ್ಣು ಮಗು ಹುಟ್ಟಿತು. ಶರಣು ವಾರ್ಡಿಗೆಲ್ಲ ಪೇಡೆ ಹಂಚಿ, "ಅತ್ತಿ, ಇಲ್ಲಿಂದ ಸೀದಾ ನಿಮ್ಮ ಮನಿಗೇ ಕರ್ಕೊಂಡ್ ಹೋಗ್ರಿ," ಎಂದ. ಕಸ್ತೂರಿಬಾಯಿ ಆ ಹೊತ್ತಿಗೆ ನೆಲದ ಮೇಲೆ ನಡೆಯುತ್ತಿರಲಿಲ್ಲ. ಆಗಲೇ ಹತ್ತಿಯ ಕುಲಾವಿ, ಅಂಟಿನುಂಡೆಯ ಸಾಮಾನು, ಎಲ್ಲ ಮನೆಯಲ್ಲಿ ಸಿದ್ಧವಾಗಿತ್ತು.

ಹುಟ್ಟಿದ ಕೂಸಿಗೆ ಹಾಕುವ ಬಿಸಿಜಿ ಲಸಿಕೆ ಹಾಕಲು ನಾನೇ ಟ್ರೇ ಹಿಡಿದು ಹೋದೆ. ಇದಕ್ಕೆ ನನ್ನದು ಪಳಗಿದ ಕೈ.

"ನೀವು ಬ್ಯಾಡ್ರಿ ಸಿಸ್ಟರ್," ಎಂದರು ಕಸ್ತೂರಿಬಾಯಿ, ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು. "ನಿಖಿತಾನ ಕರೀರಿ. ಅಕಿ ಕೈಗುಣಾ ಚಲೋ ಅದ."

ನನಗೆ ಕೋಪ ಬಂತು. "ನನ್ನ ಕೈಗುಣಕ್ಕೆ ಈಗ ಎಂತ ಬಂತು?"

"ಅದನ್ನ ನಾ ಎಲ್ಲಿ ನೋಡೀನ್ರಿ? ಅವತ್ತ ನಿಮ್ಮ ಎರಡೂ ಕೈ ನನ್ನ ಕೈಯಾಗ ಇದ್ವು. ಸೂಜಿ ಮಾಡ್ಲಿಕ್ಕಿ ಮೂರನೇ ಕೈ ಎಲ್ಲಿಂದ ತಂದ್ರಿ?"

ಶೀತಲ್ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ? ಎಲ್ಲರಿಗೂ ಕಣ್ಣು ಮುಚ್ಚಿ ಎಂದವಳು ನನ್ನ ಕೈ ನಾನೇ ನೋಡಿಕೊಂಡಿರಲಿಲ್ಲ.

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ನಿಮ್ಮ ಕೈ ನಡಗ್ತಿದ್ವು ಸಿಸ್ಟರ್, ನನಗಿಂತಾ ಜಾಸ್ತಿ," ಎಂದರು ಮೆಲ್ಲಗೆ. "ನಮ್ಮಂಥೋರಿಗಿ ಏನರ ಆದ್ರ ಅಂತ ಇಷ್ಟು ಹೆದರೋರು ಬಾಜೂಕ ನಿಂತಾರ, ಇನ್ನೇನ್ ಬೇಕು ಅನಿಸ್ತು. ಉಳದೋರಿಗೂ ಅದೇ ಹೇಳಿದೆ. ಸೂಜಿ ಅಕಿ ಮಾಡ್ಲಿ. ನೀವು ಕೂಸಿನ್ನ ಹಿಡೀರಿ."

ನಾನು ಟ್ರೇ ಕೆಳಗಿಟ್ಟೆ. ನಿಖಿತಾ ಬಂದಳು. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಪುಟ್ಟ ತೋಳು ಹಿಡಿದೆ. ಸೂಜಿ ಒಳಗೆ ಹೋದಾಗ ಕೂಸು ಕಿಟ್ಟನೆ ಕಿರುಚಿತು, ನನಗೂ ಅಳು ಬಂತು. ಮಾಸ್ಕ್ ಇದೆ, ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದೆ. ಕಸ್ತೂರಿಬಾಯಿ ಮೊದಲು ಮೊಮ್ಮಗಳ ಕಣ್ಣು ಒರೆಸಿದರು, ಆಮೇಲೆ ಅದೇ ಸೆರಗಿನಿಂದ ನನ್ನದು.