ನನ್ನ ಮಧ್ಯಾಹ್ನ ಮಾರಾಟಕ್ಕಿಲ್ಲ

ನನ್ನ ಸೊಸೆ ಜುವೇರಿಯಾ ರಾಮನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಅವಳು ಇಡೀ ದಿನ ದುಡಿಯುತ್ತಿದ್ದಾಗ ಮೊಮ್ಮಗಳು ಖತೀಜಾಳನ್ನು ನೋಡಿಕೊಳ್ಳಲು ನಾನು ಬೊಂಬೆ ಕೆಲಸ ಬಿಟ್ಟಿದ್ದೆ. ಕಳೆದ ವರ್ಷ ಅವಳೂ ಡಾಕ್ಟರ್ ಪ್ರತಿಮಾಳೂ ಒಂದೇ ಕೆಲಸವನ್ನು ಹಂಚಿಕೊಂಡರು. ಬೆಳಿಗ್ಗೆ ಇವಳು, ಮಧ್ಯಾಹ್ನ ಅವಳು, ಸಂಬಳವೂ ಅರ್ಧರ್ಧ. ಚನ್ನಪಟ್ಟಣದ ನಮ್ಮ ಬೀದಿ "ಅರ್ಧ ಡಾಕ್ಟರು" ಎಂದು ನಕ್ಕಿತು. ನಗಲಿ. ಧೂಳು ಹಿಡಿದಿದ್ದ, ಬೊಂಬೆ ಕಡೆಯುವ ನನ್ನ ಲೇತ್ ಮಧ್ಯಾಹ್ನದ ಹೊತ್ತು ಮತ್ತೆ ತಿರುಗತೊಡಗಿತು.

ಮೊನ್ನೆ ಜುವೇರಿಯಾ ಸಪ್ಪಗೆ ಬಂದಳು.

"ಅತ್ತೆ, ಆಸ್ಪತ್ರೆ ಮಾಲೀಕ್ರಿಗೆ ನಮ್ಮಿಬ್ರಲ್ಲಿ ಒಬ್ರೇ ಸಾಕಂತೆ. ನಾನು ಇಡೀ ದಿನ ಬರ್ಬೇಕಂತೆ, ಇಲ್ಲಾಂದ್ರೆ ಕೆಲ್ಸ ಬಿಡ್ಬೇಕಂತೆ."

ನನ್ನ ಮಗ ನಿಯಾಜ್ ಹಿಗ್ಗಿದ. "ಪೂರ್ತಿ ಸಂಬಳ! ಒಪ್ಕೋ. ಮಗೂನ ಅಮ್ಮಿ ನೋಡ್ಕೋತಾರೆ."

ಅರಗು ಹಚ್ಚುತ್ತಿದ್ದ ಬುಗುರಿಯನ್ನು ಕುಕ್ಕಿದೆ. "ನನ್ ಮಧ್ಯಾಹ್ನನ ಮಾರಕ್ಕೆ ನೀನ್ಯಾವನ್ಲಾ? ನಾಳೆ ಮಗೂನ ನೀನೇ ನೋಡ್ಕೋ. ನಾನೂ ಆಸ್ಪತ್ರೆಗೆ ಬತ್ತೀನಿ."

ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಮಾಲೀಕನ ಕೋಣೆಯ ಮುಂದೆ ಪ್ರತಿಮಾ ಕಾಯುತ್ತಿದ್ದಳು. ಅವಳಿಗೂ ಅವನು ಅದನ್ನೇ ಹೇಳಿದ್ದನಂತೆ.

"ಒಪ್ಕೊಂಡ್ಯೇನೇ?" ಎಂದು ಜುವೇರಿಯಾಳನ್ನು ಕೇಳಿದಳು.

"ಇಲ್ಲ. ನೀನು?"

"ನಾನ್ಯಾಕೆ ಒಪ್ಕೊಳ್ಳಿ? ನಡಿ ಒಳಕ್ಕೆ."

ಮಾಲೀಕ ಸೈಟು ವ್ಯಾಪಾರದಲ್ಲಿ ದುಡ್ಡು ಮಾಡಿದವನು, ಡಾಕ್ಟರಲ್ಲ. ನನ್ನನ್ನು ನೋಡಿ, "ಇವ್ರ್ಯಾರು? ಪೇಷೆಂಟಾ?" ಎಂದ.

"ಅತ್ತೆ," ಎಂದೆ.

"ಇದ್ರೆ ಇಬ್ರೂ ಇರ್ತೀವಿ. ಹೋದ್ರೆ ಇಬ್ರೂ ಹೋಗ್ತೀವಿ," ಎಂದಳು ಜುವೇರಿಯಾ.

"ಹೋಗ್ರಮ್ಮ. ನಂಗೇನು ಬೇರೆ ಡಾಕ್ಟರು ಸಿಗಲ್ವಾ?"

"ಹುಡುಕಿ," ಎಂದಳು ಪ್ರತಿಮಾ. "ಅಲ್ಲೀಗಂಟ ನೀವೇ ಮಕ್ಕಳ ಎದೆಗೆ ಸ್ಟೆತಸ್ಕೋಪ್ ಇಡಿ."

ನಾನು ಎದ್ದು ಬಾಗಿಲನ್ನು ಪೂರ್ತಿ ತೆರೆದೆ. ಹೊರಗೆ ಬೆಂಚುಗಳ ತುಂಬ ತಾಯಂದಿರು. ಅಷ್ಟೂ ಮಕ್ಕಳ ಅಳು ಒಟ್ಟಿಗೆ ಒಳಗೆ ನುಗ್ಗಿತು. "ಡಾಕ್ಟರಮ್ಮ ಬಂದ್ರಾ?" ಎಂದು ಒಬ್ಬಳು ಇಣುಕಿದಳು.

ಮಾಲೀಕ ಹಣೆ ಒರೆಸಿಕೊಂಡ. "ಆಯ್ತು, ಇಬ್ರೂ ಇರಿ. ಮೊದ್ಲು ಒಬ್ರು ಹೋಗಿ ನೋಡ್ರಮ್ಮ."

"ಬೆಳಿಗ್ಗೆ ನಂದು," ಎಂದು ಜುವೇರಿಯಾ ರಾಣಿಯ ಹಾಗೆ ಎದ್ದು ಹೋದಳು.

ಮನೆಗೆ ಬಂದರೆ ನಿಯಾಜನ ಅಂಗಿ ತುಂಬ ರಾಗಿ ಸರಿ. ಖತೀಜಾ ಅವನ ಹೆಗಲೇರಿ ಕೂದಲು ಕೀಳುತ್ತಿದ್ದಳು.

"ಅಮ್ಮಿ, ಏನಾಯ್ತು? ಅರ್ಧ ದಿನಾನೇ ಇರ್ಲಿ ಅಂದ್ರು ತಾನೇ?" ದನಿಯಲ್ಲಿ ಅಳುವೇ ಇತ್ತು.

"ಅಂದ್ರು. ಊಟದ ಹೊತ್ತಿಗೆ ಬತ್ತಾಳೆ. ಅಲ್ಲೀಗಂಟ ನೀನೇ ಹೊತ್ಕೊಂಡಿರು."

ನಾನು ಲೇತ್ ಸ್ವಿಚ್ ಒತ್ತಿದೆ.